ವಾಲಿದ ಹಡಗು ಎದ್ದು ನಿಲ್ಲುವ ಲೆಕ್ಕ

ತಂಗಿ ಮಗ ಮರ್ಚೆಂಟ್ ನೇವಿಗೆ ಓದುತ್ತಿದ್ದಾನೆ. ಹೋದ ರಜೆಯಲ್ಲಿ ಕೋಲಾರಕ್ಕೆ ಬಂದವನು ಒಂದು ಸಂಜೆ ನನ್ನ ವೇಬ್ರಿಡ್ಜ್ ಕ್ಯಾಬಿನ್‌ಗೆ ನೋಟ್ಸು, ಕ್ಯಾಲ್ಕುಲೇಟರು ಹಿಡಿದುಕೊಂಡು ಬಂದ.

“ಮಾವ, ಈ ಲೆಕ್ಕ ಸ್ವಲ್ಪ ನೋಡಿ. ಉತ್ತರ 0.57 ಮೀಟರ್ ಬರಬೇಕು. ನನಗೆ 9.80 ಬರ್ತಿದೆ.”

“9.80? ಅದು ಭೂಮಿಯ ಗುರುತ್ವ ಅಲ್ವೇನೋ?”

“ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಈ ಲೆಕ್ಕದಲ್ಲಿ ಗುರುತ್ವ ಬರೋದೇ ಇಲ್ಲ.”

ನಾನು ಬಿಎಸ್ಸಿ ಮುಗಿಸಿ ಎಷ್ಟೋ ವರ್ಷ ಆಯ್ತು. ಟೊಮೆಟೊ ಮಂಡಿಗೆ ಹೋಗುವ ಲಾರಿಗಳನ್ನು ತೂಗುವುದೇ ನನ್ನ ಕೆಲಸ. ಸಮುದ್ರ ನೋಡಬೇಕೆಂದರೆ ನಮಗೆ ಮಂಗಳೂರಿಗಿಂತ ಚೆನ್ನೈ ಹತ್ತಿರ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ನೀರು ಹರಿಯುವ ತನಕ ನಮ್ಮ ಎಷ್ಟೋ ಕೆರೆಗಳಲ್ಲಿ ತೆಪ್ಪ ಹಾಕುವಷ್ಟೂ ನೀರಿರಲಿಲ್ಲ. ಅಂಥ ಊರಲ್ಲಿ ಕೂತು ಹಡಗಿನ ಲೆಕ್ಕ ಹಾಕೋದಾ ಅಂತ ನಗು ಬಂತು. ಆದರೂ ಹಾಳೆ ನೋಡಿದೆ. ನೋಡುತ್ತಾ ಹೋದ ಹಾಗೆ, ಇದು ನಾನು ದಿನಾ ಕಿಟಕಿಯಿಂದ ನೋಡುವ ಸಂಗತಿಯೇ ಅಂತ ಗೊತ್ತಾಯ್ತು.

ಅವನು ಹುಡುಕುತ್ತಿದ್ದದ್ದು ರೈಟಿಂಗ್ ಆರ್ಮ್. ಬರೆಯುವ ರೈಟಿಂಗ್ ಅಲ್ಲ. ಒಂದು ಕಡೆ ವಾಲಿದ ಹಡಗನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ತೋಳು. ಹಡಗಿನವರು ಇದನ್ನು ಜಿಜೆಡ್ ಅನ್ನುತ್ತಾರೆ.

ರಾಗಿ ಹುಲ್ಲು ಹೇರಿದ ಟ್ರ್ಯಾಕ್ಟರ್ ನೆನಪು ಮಾಡಿಕೊಳ್ಳಿ. ಒಂದು ಕಡೆಯ ಚಕ್ರ ಗುಂಡಿಗೆ ಇಳಿದರೆ ಟ್ರೇಲರ್ ವಾಲುತ್ತದೆ. ಹೊರೆಯ ಗುರುತ್ವ ಕೇಂದ್ರ ಎರಡು ಚಕ್ರಗಳ ನಡುವೆ ಇರುವ ತನಕ ಅದು ಬೀಳಲ್ಲ. ಕೆಳಗಿನ ಚಕ್ರವನ್ನು ದಾಟಿ ಆಚೆ ಹೋಯಿತೋ, ಕಥೆ ಮುಗಿಯಿತು. ಇಲ್ಲಿ ಆಧಾರ ಇರುವ ಜಾಗ ನಮಗೆ ಕಾಣುತ್ತದೆ. ಅದು ಚಕ್ರ, ಎಲ್ಲಿಗೂ ಹೋಗಲ್ಲ.

ಹಡಗಿಗೆ ಚಕ್ರ ಇಲ್ಲ. ಅದನ್ನು ಹೊತ್ತಿರುವುದು ನೀರು. ಹಡಗು ಬಲಕ್ಕೆ ವಾಲಿದರೆ ಬಲಗಡೆ ಜಾಸ್ತಿ ಭಾಗ ಮುಳುಗುತ್ತದೆ, ಎಡಗಡೆ ಮೇಲೆ ಬರುತ್ತದೆ. ಹಾಗಾಗಿ ನೀರು ಮೇಲಕ್ಕೆ ಒತ್ತುವ ಜಾಗವೂ ಬಲಕ್ಕೆ ಸರಿಯುತ್ತದೆ. ಅಂದರೆ ಚಕ್ರವೇ ಓಡಿ ಬಂದು ವಾಲಿದ ಕಡೆ ಕೈಕೊಟ್ಟ ಹಾಗೆ. ಗುರುತ್ವ ಕೇಂದ್ರ ಮಾತ್ರ, ಸರಕು ಜರುಗದೇ ಇದ್ದರೆ, ಹಡಗಿನ ಒಳಗೆ ಇದ್ದಲ್ಲೇ ಇರುತ್ತದೆ.

ಈಗ ಎರಡು ನೇರ ಗೆರೆಗಳು ಸಿಕ್ಕವು. ಗುರುತ್ವ ಕೇಂದ್ರದಿಂದ ಕೆಳಕ್ಕೆ ಎಳೆಯುವ ಭಾರದ ಗೆರೆ ಒಂದು. ನೀರು ಮೇಲಕ್ಕೆ ಒತ್ತುವ ಗೆರೆ ಇನ್ನೊಂದು. ಇವೆರಡರ ನಡುವಿನ ಅಡ್ಡ ಅಂತರವೇ ಜಿಜೆಡ್. ನೀರಿನ ಗೆರೆ ಭಾರದ ಗೆರೆಗಿಂತ ಆಚೆ, ಅಂದರೆ ವಾಲಿದ ಕಡೆಗೆ ಇದ್ದರೆ, ಹಡಗು ಎದ್ದು ನಿಲ್ಲುತ್ತದೆ. ಭಾರವೇ ನೀರನ್ನು ದಾಟಿ ಮುಂದೆ ಹೋದರೆ ಹಡಗು ಮಗುಚುತ್ತದೆ. ಇಬ್ಬರ ಓಟದ ಪಂದ್ಯ ಇದು. ಜಿಜೆಡ್ ಅಂದರೆ ನೀರು ಎಷ್ಟು ಮೀಟರ್ ಮುಂದಿದೆ ಅನ್ನೋದು, ಅಷ್ಟೇ.

ಆ ಅಂತರವನ್ನು ಹಡಗಿನ ಒಟ್ಟು ತೂಕದಿಂದ ಗುಣಿಸಿದರೆ ನಿಲ್ಲಿಸುವ ಶಕ್ತಿ ಎಷ್ಟು ಅಂತ ಗೊತ್ತಾಗುತ್ತದೆ. 5000 ಟನ್ ಹಡಗಿಗೆ 0.57 ಮೀಟರ್ ತೋಳು ಇದ್ದರೆ 2850 ಟನ್-ಮೀಟರ್. ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ ಉದ್ದದ ತೋಳು ಅಷ್ಟು ದೊಡ್ಡ ಹಡಗನ್ನು ನಿಲ್ಲಿಸುತ್ತದೆ.

ಆದರೆ ಸಮುದ್ರದ ನಡುವೆ ಆ ಗೆರೆಗಳನ್ನು ಯಾರು ಟೇಪ್ ಹಿಡಿದು ಅಳೆಯುತ್ತಾರೆ? ಯಾರೂ ಇಲ್ಲ. ಅದಕ್ಕೇ ಹಡಗು ಕಟ್ಟುವವರು ಮೊದಲೇ ಒಂದು ನಕ್ಷೆ ಕೊಟ್ಟಿರುತ್ತಾರೆ. ಅದರ ತಳದಲ್ಲಿ ಹಡಗಿನ ಒಟ್ಟು ತೂಕ, ಎಡಗಡೆ ಮೀಟರ್. ನಡುವೆ ಹತ್ತು ಡಿಗ್ರಿಗೊಂದು, ಇಪ್ಪತ್ತಕ್ಕೊಂದು, ಮೂವತ್ತಕ್ಕೊಂದು ಅಂತ ಬಳ್ಳಿಯ ಹಾಗೆ ಹಬ್ಬಿದ ಗೆರೆಗಳು. ಇವೇ ಸ್ಥಿರತೆಯ ಗೆರೆಗಳು. ಹಡಗಿನವರ ಬಾಯಲ್ಲಿ ಕೆಎನ್ ಕರ್ವ್ಸ್.

ಓದುವುದು ಸುಲಭ. 5000 ಟನ್ ಇರುವಲ್ಲಿ ಪೆನ್ಸಿಲ್ ಇಡಿ. ನೆಟ್ಟಗೆ ಮೇಲಕ್ಕೆ ಹೋಗಿ. 30 ಡಿಗ್ರಿ ಗೆರೆ ಸಿಕ್ಕಲ್ಲಿ ನಿಂತು ಎಡಕ್ಕೆ ತಿರುಗಿ. ಅಲ್ಲಿ ಕಾಣುವ ಅಂಕಿಯೇ ಕೆಎನ್. ನಮ್ಮ ಹುಡುಗನ ಲೆಕ್ಕದ ಹಡಗಿಗೆ ಅದು 3.67 ಮೀಟರ್. (ಇದು ಅಭ್ಯಾಸಕ್ಕೆ ಕೊಟ್ಟ ಹಡಗು, ಯಾವ ಬಂದರಲ್ಲೂ ಇಲ್ಲ.) ಒಟ್ಟು ತೂಕ ಎಷ್ಟು ಅಂತ ತಿಳಿಯಲು ಹಡಗಿಗೇ ಒಂದು ವೇಬ್ರಿಡ್ಜ್ ಇದೆ. ಮುಂದೆ ಹಿಂದೆ ಮೈಮೇಲೆ ಬರೆದ ಅಂಕಿಗಳಲ್ಲಿ ನೀರು ಎಲ್ಲಿಗೆ ಮುಟ್ಟಿದೆ ಅಂತ ನೋಡಿ, ಪಟ್ಟಿ ತೆಗೆದರೆ ತೂಕ ಸಿಗುತ್ತದೆ. ನನಗಿಂತ ಅಗ್ಗದ ಏರ್ಪಾಡು.

ಕೆ ಅಂದರೆ ಕೀಲ್, ಹಡಗಿನ ತಳದ ನಡುಗೆರೆ. ಆ ತಳದ ಬಿಂದುವಿನಿಂದ ನೀರು ಮೇಲಕ್ಕೆ ಒತ್ತುವ ಗೆರೆಗೆ ಇರುವ ಅಡ್ಡ ದೂರ ಕೆಎನ್. ಇದು ಹಡಗಿನ ಆಕಾರ ಮತ್ತು ಅದು ಎಷ್ಟು ಮುಳುಗಿದೆ ಅನ್ನುವುದರ ಮೇಲೆ ನಿಂತಿದೆ. ಒಳಗೆ ಅಕ್ಕಿ ಇದೆಯೋ ಕಬ್ಬಿಣ ಇದೆಯೋ, ಮೇಲಿದೆಯೋ ಕೆಳಗಿದೆಯೋ, ನಕ್ಷೆಗೆ ಬೇಕಾಗಿಲ್ಲ.

ಹುಡುಗನಿಗೆ ಇದು ತಲೆಗೆ ಹೋಗಲಿಲ್ಲ. “ಸರಕು ಎಲ್ಲಿಟ್ಟರೂ ಕೆಎನ್ ಒಂದೇ ಅಂದ್ರೆ ಹೆಂಗೆ ಮಾವ?” ಅಂದ. ಕ್ಯಾಬಿನ್ ಹಿಂದಿನ ತೊಟ್ಟಿ ಹತ್ತಿರ ಕರೆದುಕೊಂಡು ಹೋದೆ. ನನ್ನ ಊಟದ ಪ್ಲಾಸ್ಟಿಕ್ ಡಬ್ಬಿ ತೊಳೆದು ನೀರಲ್ಲಿ ಬಿಟ್ಟೆ. ತಳದಲ್ಲಿ ಸ್ಟೀಲ್ ಲೋಟ ಬೋರಲು ಹಾಕಿ, ಅದರ ಪಕ್ಕದಲ್ಲಿ 200 ಗ್ರಾಂ ತೂಕದ ಬಟ್ಟು ಇಟ್ಟು ಸಮ ಮಾಡಿದೆ. ನೀರು ಎಲ್ಲಿಗೆ ಬಂತು ಅಂತ ಮಾರ್ಕರ್‌ನಲ್ಲಿ ಗೀಟು ಹಾಕಿದೆ. ಬೆರಳಲ್ಲಿ ಒತ್ತಿದರೆ ವಾಲಿ ಮತ್ತೆ ಎದ್ದಿತು. ಈಗ ಅದೇ ಬಟ್ಟನ್ನು ಲೋಟದ ತಲೆ ಮೇಲಿಟ್ಟೆ. ನೀರು ಅದೇ ಗೀಟಿಗೆ ಬಂತು, ಒಂದು ಕೂದಲೂ ಆಚೀಚೆ ಇಲ್ಲ. ಬೆರಳು ತಾಗಿಸಿದೆ, ಅಷ್ಟೇ. ಲೋಟ, ಬಟ್ಟು, ಡಬ್ಬಿ ಎಲ್ಲಾ ತೊಟ್ಟಿಯ ಪಾಲು. ಆಮೇಲೆ ತೋಳಿನ ತನಕ ಕೈ ಹಾಕಿ ಬಟ್ಟು ಹುಡುಕಿದ್ದು ಬೇರೆ ಮಾತು.

ಡಬ್ಬಿ ಅದೇ, ತೂಕ ಅದೇ, ಮುಳುಗಿದ್ದೂ ಅಷ್ಟೇ. ಹಾಗಾಗಿ ಕೆಎನ್ ಬದಲಾಗಲಿಲ್ಲ. ಬದಲಾಗಿದ್ದು ಗುರುತ್ವ ಕೇಂದ್ರದ ಎತ್ತರ. ಕೀಲ್‌ನಿಂದ ಆ ಕೇಂದ್ರದ ತನಕದ ಎತ್ತರಕ್ಕೆ ಕೆಜಿ ಅನ್ನುತ್ತಾರೆ. ದಿನವಿಡೀ ಕೆಜಿ ಅಂತ ಚೀಟಿ ಹರಿದು ಕೊಡುವ ನನಗೆ ಇದು ಒಗ್ಗಲು ಹೊತ್ತು ಹಿಡಿಯಿತು. ಇಲ್ಲಿ ಕೆಜಿ ಅಂದರೆ ಕಿಲೋ ಅಲ್ಲ, ಮೀಟರ್‌ನಲ್ಲಿ ಅಳೆಯುವ ಎತ್ತರ. ಕೆಎನ್ ಕೂಡ ಕಿಲೋನ್ಯೂಟನ್ ಅಲ್ಲ. ಹೆಸರಿಟ್ಟವರಿಗೆ ವೇಬ್ರಿಡ್ಜ್‌ನವರ ನೆನಪಿರಲಿಲ್ಲ.

ಸೂತ್ರ ಒಂದೇ ಸಾಲಿನದು:

ಜಿಜೆಡ್ = ಕೆಎನ್ − (ಕೆಜಿ × ವಾಲಿದ ಕೋನದ ಸೈನ್)

ಸೈನ್ ಯಾಕೆ ಬಂತು ಅಂತ ಕೇಳಿದರೆ ಒಂದು ಕೋಲು ತಗೊಳ್ಳಿ. ನೆಟ್ಟಗೆ ನಿಲ್ಲಿಸಿ 30 ಡಿಗ್ರಿ ವಾಲಿಸಿ. ಕೋಲಿನ ತುದಿ ಅದರ ಉದ್ದದ ಅರ್ಧದಷ್ಟು ಪಕ್ಕಕ್ಕೆ ಹೋಗಿರುತ್ತದೆ, ಯಾಕೆಂದರೆ 30 ಡಿಗ್ರಿಯ ಸೈನ್ ಅಂದರೆ ಅರ್ಧ. ಕೀಲ್ ಕೋಲಿನ ಬುಡ, ಗುರುತ್ವ ಕೇಂದ್ರ ಕೋಲಿನ ತುದಿ. ಈ ಹಡಗಿನ ಕೆಜಿ 6.20 ಮೀಟರ್. ವಾಲಿದಾಗ ಭಾರದ ಗೆರೆ ಬುಡದಿಂದ 3.10 ಮೀಟರ್ ಓಡಿತು. ನೀರಿನ ಗೆರೆ 3.67 ಓಡಿತು. ನೀರು 0.57 ಮೀಟರ್ ಮುಂದೆ. ಹುಡುಗನಿಗೆ ಬರಬೇಕಿದ್ದ ಉತ್ತರ ಇದೇ.

ಅವನಿಗೆ 9.80 ಬಂದದ್ದು ಹೇಗೆ? ಕ್ಯಾಲ್ಕುಲೇಟರ್, ಕೋನ ಅಳೆಯುವ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿತ್ತು. 30 ಡಿಗ್ರಿ ಬದಲು 30 ರೇಡಿಯನ್‌ನ ಸೈನ್ ತೆಗೆದು ಮೈನಸ್ 0.988 ಅಂತ ಕೊಟ್ಟಿದೆ. ಮೈನಸ್‌ಗೆ ಮೈನಸ್ ಸೇರಿ ಪ್ಲಸ್ ಆಗಿ, 3.67ಕ್ಕೆ 6.13 ಕೂಡಿಕೊಂಡಿದೆ. ಹತ್ತು ಮೀಟರ್ ಹತ್ತಿರದ ತೋಳು! ಅಷ್ಟಿದ್ದರೆ ಆ ಹಡಗನ್ನು ಚಂಡಮಾರುತವೂ ಅಲ್ಲಾಡಿಸಲ್ಲ. ಗುರುತ್ವದ ಅಂಕಿಗೆ ಹೊಂದಿದ್ದು ಸುಮ್ನೆ ಕಾಕತಾಳೀಯ.

ಹಳೆಯ ಕೆಲವು ನಕ್ಷೆಗಳಲ್ಲಿ ಕೆಎನ್ ಬದಲು, ಒಂದು ಕೆಜಿ ಊಹಿಸಿಕೊಂಡು ಜಿಜೆಡ್ಡನ್ನೇ ಬರೆದಿರುತ್ತಾರೆ. ಆಗ ನಿಮ್ಮ ಕೆಜಿಗೂ ಅವರ ಕೆಜಿಗೂ ಇರುವ ವ್ಯತ್ಯಾಸವನ್ನು ಸೈನ್‌ನಿಂದ ಗುಣಿಸಿ ಕಳೆಯಬೇಕು. ನಿಮ್ಮದು ಅವರದಕ್ಕಿಂತ ಕೆಳಗಿದ್ದರೆ ಕೂಡಬೇಕು. ಕೂಡೋದೋ ಕಳೆಯೋದೋ ಅಂತ ಜನ ಎಡವುವುದು ಇಲ್ಲೇ. ಕೆಎನ್‌ನಲ್ಲಿ ಆ ತಲೆನೋವಿಲ್ಲ, ಯಾವಾಗಲೂ ಕಳೆಯುವುದೇ.

ಒಂದು ಕೋನಕ್ಕೆ ಮಾಡಿದ್ದನ್ನು ಎಲ್ಲ ಕೋನಕ್ಕೂ ಮಾಡಿದೆವು. 10 ಡಿಗ್ರಿಗೆ ಕೆಎನ್ 1.22, ಭಾರದ ಓಟ 1.08, ಉಳಿದದ್ದು 0.14. 20ಕ್ಕೆ 2.48ರಲ್ಲಿ 2.12 ಹೋಗಿ 0.36. 30ಕ್ಕೆ 0.57 ಆಗಲೇ ಬಂತು. 40ಕ್ಕೆ 4.68ರಲ್ಲಿ 3.99 ಹೋಗಿ 0.69. 50ಕ್ಕೆ 5.35ರಲ್ಲಿ 4.75 ಹೋಗಿ 0.60. 60ಕ್ಕೆ 5.73ರಲ್ಲಿ 5.37 ಹೋಗಿ 0.36. 70ಕ್ಕೆ ಎರಡೂ 5.83, ಅಂದರೆ ಸೊನ್ನೆ.

ಇವನ್ನು ಗ್ರಾಫ್ ಹಾಳೆ ಮೇಲೆ ಸೇರಿಸಿದರೆ ನಂದಿ ಬೆಟ್ಟದಂಥ ಒಂದು ಗುಡ್ಡ ಬರುತ್ತದೆ. ಸೊನ್ನೆಯಿಂದ ಹತ್ತಿ, 40ರ ಹತ್ತಿರ ನೆತ್ತಿ ಮುಟ್ಟಿ, 70ಕ್ಕೆ ಇಳಿಯುತ್ತದೆ. ಆ ಕೊನೆಯ ಜಾಗ ದಾಟಿದ ಹಡಗು ವಾಪಸ್ ಬರಲ್ಲ. ಗುಡ್ಡ ಇಳಿಯುವುದಕ್ಕೂ ಕಾರಣ ಇದೆ. ಡೆಕ್‌ನ, ಅಂದರೆ ಹಡಗಿನ ಮೇಲಟ್ಟದ, ಅಂಚು ನೀರಿಗೆ ಮುಳುಗುವ ತನಕ, ವಾಲಿದಷ್ಟೂ ಹೊಸ ಮೈ ನೀರಿಗೆ ಇಳಿದು ಆಸರೆ ಕೊಡುತ್ತದೆ. ಅಂಚು ಮುಳುಗಿದ ಮೇಲೆ ಕೊಡಲು ಮೈ ಉಳಿದಿರಲ್ಲ. ನೀರಿನ ಓಟ ನಿಧಾನ ಆಗುತ್ತದೆ, ಭಾರದ ಓಟ ನಿಲ್ಲಲ್ಲ.

ಹತ್ತು ಡಿಗ್ರಿ ಒಳಗೆ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಜಿಎಂ ಅನ್ನುವ ಒಂದೇ ಅಂಕಿ ಸಾಕು. ಗುರುತ್ವ ಕೇಂದ್ರದಿಂದ ಮೆಟಾಸೆಂಟರ್ ಅನ್ನುವ ಬಿಂದುವಿಗೆ ಇರುವ ಎತ್ತರ ಅದು. ಹಡಗು ಸ್ವಲ್ಪ ವಾಲಿದಾಗ ನೀರು ಒತ್ತುವ ಗೆರೆ, ಕೀಲ್‌ನಿಂದ ಹಡಗಿನ ನಡುವೆ ಮೇಲಕ್ಕೆ ಹೋಗುವ ಗೆರೆಯನ್ನು ಕತ್ತರಿಸುವ ಜಾಗವೇ ಮೆಟಾಸೆಂಟರ್. ಆ ಬಿಂದುವಿನ ವಿಚಾರವನ್ನು ಫ್ರಾನ್ಸಿನ ಪಿಯೇರ್ ಬುಗೇರ್ 1746ರಲ್ಲೇ ಬರೆದಿಟ್ಟ. ನಮ್ಮ ಹಡಗಿಗೆ ಜಿಎಂ 0.80 ಮೀಟರ್. ಅದನ್ನು ಸೈನ್‌ನಿಂದ ಗುಣಿಸಿದರೆ ಸಣ್ಣ ಕೋನಗಳ ಜಿಜೆಡ್ ಬಂದುಬಿಡುತ್ತದೆ. ಆದರೆ ಬರೀ ಜಿಎಂ ನಂಬಿ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಯುದ್ಧನೌಕೆ ಎಚ್‌ಎಂಎಸ್ ಕ್ಯಾಪ್ಟನ್ ಇದೆ.

ಕೂಪರ್ ಕೋಲ್ಸ್ ಅನ್ನುವ ನೌಕಾಧಿಕಾರಿ ಹಟ ಹಿಡಿದು ಮಾಡಿಸಿದ ಹಡಗು ಅದು. ತಿರುಗುವ ಗೋಪುರದಲ್ಲಿ ಫಿರಂಗಿ, ಮೇಲೆ ಎತ್ತರದ ಹಾಯಿಕಂಬಗಳು, ಡೆಕ್ ಮಾತ್ರ ನೀರಿಗೆ ತೀರಾ ಹತ್ತಿರ. ನೀರಿನಿಂದ 8 ಅಡಿ ಎತ್ತರ ಇರಬೇಕಿದ್ದ ಡೆಕ್, ಕಟ್ಟುವಾಗ ತೂಕ ಜಾಸ್ತಿ ಆಗಿ ಆರೂವರೆ ಅಡಿಗೆ ಇಳಿದಿತ್ತು. ಅದರ ಜೊತೆಗೇ ಸಾಗುತ್ತಿದ್ದ ಮೊನಾರ್ಕ್ ಹಡಗಿಗೆ 14 ಅಡಿ ಇತ್ತು. ಶುರುವಿನ ಜಿಎಂ ನೋಡಿದರೆ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಗುಡ್ಡ ಬರೆದು ನೋಡಿದರೆ ಬೇರೆ ಕಥೆ. ಮೊನಾರ್ಕ್‌ನದು 40 ಡಿಗ್ರಿಗೆ ನೆತ್ತಿ, ಮುಗಿಯುವುದು 70ರ ಹತ್ತಿರ. ಕ್ಯಾಪ್ಟನ್‌ನದು 21ಕ್ಕೇ ನೆತ್ತಿ, 54ಕ್ಕೆ ಸೊನ್ನೆ. 1870ರ ಸೆಪ್ಟೆಂಬರ್ 6ರ ರಾತ್ರಿ ಕಳೆದು 7ರ ನಸುಕಿಗೆ, ಸ್ಪೇನಿನ ಫಿನಿಸ್ಟೆರೆ ಭೂಶಿರದ ಹತ್ತಿರ ಬಿರುಗಾಳಿ ಎದ್ದಿತು. ಮೊನಾರ್ಕ್ ಉಳಿಯಿತು. ಕ್ಯಾಪ್ಟನ್ ಮಗುಚಿತು. 470ಕ್ಕೂ ಹೆಚ್ಚು ಜನ ಹೋದರು, ಹಡಗಲ್ಲೇ ಇದ್ದ ಕೋಲ್ಸ್ ಕೂಡ.

ಮತ್ತೆ ನಮ್ಮ ಹಡಗಿಗೆ ಬರೋಣ. ಕೆಎನ್ ಕಟ್ಟಿದವರು ಕೊಟ್ಟದ್ದು. ಕೆಜಿ ಮಾತ್ರ ಸರಕು ಹೇರುವವರ ಕೈಯಲ್ಲಿದೆ. ಒಂದೊಂದು ತೂಕವನ್ನೂ ಅದರ ಎತ್ತರದಿಂದ ಗುಣಿಸಿ, ಎಲ್ಲ ಕೂಡಿ, ಒಟ್ಟು ತೂಕದಿಂದ ಭಾಗಿಸಿದರೆ ಕೆಜಿ. ಖಾಲಿ ಹಡಗು 1800 ಟನ್, 6.50 ಮೀಟರ್‌ನಲ್ಲಿ. ಕೆಳಗಿನ ಹೋಲ್ಡ್‌ನಲ್ಲಿ (ಸರಕು ತುಂಬುವ ಒಳಕೋಣೆ) 2400 ಟನ್, 5.40ರಲ್ಲಿ. ಡೆಕ್ ಮೇಲೆ 500 ಟನ್, 10.40ರಲ್ಲಿ. ಎಣ್ಣೆ, ನೀರು 300 ಟನ್, 3.80ರಲ್ಲಿ. ಗುಣಿಸಿ ಕೂಡಿದರೆ 31,000. ಅದನ್ನು 5000ದಿಂದ ಭಾಗಿಸಿದರೆ 6.20.

ಈಗ ಹೋಲ್ಡ್‌ನಲ್ಲಿ ಇಡಬೇಕಿದ್ದ 600 ಟನ್ ಸರಕನ್ನು ಇಳಿಸಲು ಸುಲಭ ಅಂತ ಡೆಕ್ ಮೇಲೆ ಹೇರಿದರು ಅಂದುಕೊಳ್ಳಿ. ಒಟ್ಟು ತೂಕ ಬದಲಾಗಲಿಲ್ಲ. ನನ್ನಂಥವನು ತೂಗಿದರೆ ಅದೇ ಚೀಟಿ ಬರುತ್ತದೆ. 600 ಟನ್ 5 ಮೀಟರ್ ಮೇಲೇರಿತು, ಕೆಜಿ 6.80 ಆಯಿತು. 30 ಡಿಗ್ರಿಗೆ ಭಾರದ ಓಟ 3.40. ನೀರಿನದು ಅದೇ 3.67. ತೋಳು 0.57ರಿಂದ 0.27ಕ್ಕೆ ಬಿತ್ತು. 10ಕ್ಕೆ 0.04, 20ಕ್ಕೆ 0.15, 40ಕ್ಕೆ 0.31, 50ಕ್ಕೆ 0.14. 60ಕ್ಕೆ ಹೋಗುವ ಮೊದಲೇ, ಸುಮಾರು 55ಕ್ಕೆ, ಸೊನ್ನೆ.

ಇದು ಸಾಕಾ ಸಾಲದಾ ಅಂತ ಹೇಳಲು ಅಂತರರಾಷ್ಟ್ರೀಯ ನಿಯಮ ಇದೆ. ಮಗುಚಿದ ಹಡಗುಗಳ ಲೆಕ್ಕ ತೆಗೆದು, ಎಷ್ಟಿದ್ದರೆ ಉಳಿಯುತ್ತದೆ ಅಂತ 1939ರಲ್ಲಿ ಫಿನ್ಲೆಂಡಿನ ಯಾಕ್ಕೊ ರಹೋಲಾ ಅಧ್ಯಯನ ಮಾಡಿದ್ದ. ಈಗಿನ ನಿಯಮಕ್ಕೆ ದಾರಿ ಮಾಡಿದ್ದು ಅಂಥ ಕೆಲಸ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ (ಐಎಂಒ) 2008ರ ಸಂಹಿತೆ ಪ್ರಕಾರ ಜಿಎಂ ಕನಿಷ್ಠ 0.15 ಮೀಟರ್ ಇರಬೇಕು. 30 ಡಿಗ್ರಿ ಅಥವಾ ಅದಕ್ಕಿಂತ ಮೇಲೆ ಎಲ್ಲಾದರೂ ಜಿಜೆಡ್ 0.20 ಮೀಟರ್ ಮುಟ್ಟಬೇಕು. ನೆತ್ತಿ 25 ಡಿಗ್ರಿಗಿಂತ ಮೊದಲು ಬರಬಾರದು. ಗುಡ್ಡದ ಕೆಳಗಿನ ವಿಸ್ತೀರ್ಣ 30ರ ತನಕ 0.055 ಮೀಟರ್-ರೇಡಿಯನ್, 40ರ ತನಕ 0.09, ಆ ಎರಡರ ನಡುವೆ 0.03, ಇಷ್ಟಾದರೂ ಇರಬೇಕು.

ವಿಸ್ತೀರ್ಣ ಯಾಕೆ ಬೇಕು? ತೋಳು ಒಂದು ಕ್ಷಣದ ಬಲ ಹೇಳುತ್ತದೆ. ಗಾಳಿ ರಪ್ಪನೆ ಬಡಿದಾಗ ಹಡಗು ಎಷ್ಟು ಪೆಟ್ಟು ತಡೆದುಕೊಳ್ಳುತ್ತದೆ ಅಂತ ಹೇಳುವುದು ವಿಸ್ತೀರ್ಣ. ಅಳೆಯಲು ಸಿಂಪ್ಸನ್ ನಿಯಮ ಸಾಕು. 30ರ ತನಕ ಬೇಕಿದ್ದರೆ 10ರ ಮತ್ತು 20ರ ತೋಳನ್ನು ಮೂರು ಮೂರು ಪಟ್ಟು ಮಾಡಿ, 30ರದನ್ನು ಹಾಗೇ ಸೇರಿಸಿ, 3.75ರಿಂದ ಗುಣಿಸಿ. ಉತ್ತರ ಡಿಗ್ರಿಯಲ್ಲಿ ಬರುತ್ತದೆ, 57.3ರಿಂದ ಭಾಗಿಸಿದರೆ ರೇಡಿಯನ್. ಇಲ್ಲಿ ಮಾತ್ರ ರೇಡಿಯನ್ ನಿಜವಾಗಿ ಬೇಕು ಅಂತ ಹುಡುಗನಿಗೆ ಹೇಳಿ ಇಬ್ಬರೂ ನಕ್ಕೆವು. ಮೊದಲ ಹಡಗಿಗೆ 0.135 ಬಂತು, ಆರಾಮ. ಡೆಕ್ ಮೇಲೆ ಹೇರಿದ ಹಡಗಿಗೆ 0.055. ಗೆರೆ ಮೇಲೇ ಕೂತಿದೆ. ಕೆಜಿ 0.60 ಏರಿದ್ದಕ್ಕೆ ಜಿಎಂ 0.80ರಿಂದ 0.20ಕ್ಕೆ ಇಳಿದಿದೆ, ಆದರೂ ಪಾಸು. ಉಳಿದವೂ ಪಾಸು. ಮೇಷ್ಟ್ರು ಕರುಣೆ ತೋರಿಸಿ 35 ಕೊಟ್ಟ ಹಾಗೆ.

ಅಷ್ಟರಲ್ಲಿ ಒಂದು ನೀರಿನ ಟ್ಯಾಂಕರ್ ಟ್ರ್ಯಾಕ್ಟರ್ ಬಂದು ವೇಬ್ರಿಡ್ಜ್ ಮೇಲೆ ನಿಂತಿತು. ಅರ್ಧ ಖಾಲಿ. ಗಾಡಿ ನಿಂತ ಮೇಲೂ ಒಳಗೆ ನೀರು ಬಡಿಯುತ್ತಿತ್ತು, ನನ್ನ ಮೀಟರ್‌ನ ಅಂಕಿ ಹಿಂದೆ ಮುಂದೆ ಓಡಾಡುತ್ತಿತ್ತು. “ಸ್ವಲ್ಪ ತಡಿಯಪ್ಪಾ, ನಿಲ್ಲಲಿ” ಅಂದೆ. “ತುಂಬಿದ್ರೂ ಸರಿ, ಖಾಲಿ ಇದ್ರೂ ಸರಿ ಅಣ್ಣ. ಅರ್ಧ ಇದ್ರೆ ಕೈಗೆ ಸಿಗಲ್ಲ” ಅಂದ ಡ್ರೈವರ್. ನಮ್ಮ ಹುಡುಗ ತಟ್ಟನೆ ನೋಟ್ಸಿನ ಮುಂದಿನ ಪುಟ ತಿರುಗಿಸಿದ.

ಹಡಗಲ್ಲೂ ಹಾಗೇ. ಅರ್ಧ ತುಂಬಿದ ಟ್ಯಾಂಕಿನ ನೀರು ವಾಲಿದ ಕಡೆಗೇ ಓಡುತ್ತದೆ. ಭಾರ ಇದ್ದಲ್ಲೇ ಇರುತ್ತದೆ ಅಂತ ನಾವು ಮೊದಲು ಅಂದುಕೊಂಡದ್ದು ಸುಳ್ಳಾಗುತ್ತದೆ. ಲೆಕ್ಕದಲ್ಲಿ ಇದನ್ನು ಕೆಜಿ ಅಷ್ಟು ಏರಿದ ಹಾಗೆ ಹಿಡಿಯುತ್ತಾರೆ. ಎಷ್ಟು ಏರಿತು ಅನ್ನುವುದಕ್ಕೆ ನೀರಿನ ಆಳ ಮುಖ್ಯ ಅಲ್ಲ, ಮೇಲ್ಮೈಯ ಅಗಲ ಮುಖ್ಯ. ಅಗಲ × ಅಗಲ × ಅಗಲ ಮಾಡಿ, ಉದ್ದದಿಂದ ಗುಣಿಸಿ, 12ರಿಂದ ಭಾಗಿಸಬೇಕು. 12 ಮೀಟರ್ ಉದ್ದ, 8 ಮೀಟರ್ ಅಗಲದ ಸಿಹಿನೀರಿನ ಟ್ಯಾಂಕಿಗೆ 512. ಅದನ್ನು 5000 ಟನ್‌ನಿಂದ ಭಾಗಿಸಿದರೆ 0.10 ಮೀಟರ್. 1987ರ ಮಾರ್ಚ್ 6ರಂದು ಬೆಲ್ಜಿಯಮ್ಮಿನ ಜೇಬ್ರುಗ್ ಬಂದರಿನ ಹೊರಗೆ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಹಡಗು ಮಗುಚಿ 193 ಜನ ಸತ್ತದ್ದು ಹೀಗೆ. ಮುಂದಿನ ಬಾಗಿಲು ಮುಚ್ಚಿರಲಿಲ್ಲ, ಅಡ್ಡಗೋಡೆ ಇಲ್ಲದ ಅಗಲವಾದ ಕಾರ್ ಡೆಕ್ ಮೇಲೆ ನೀರು ನುಗ್ಗಿತು.

ನಮ್ಮ ಪಾಸಾದ ಹಡಗಿನಲ್ಲಿ ಅಂಥ ಒಂದು ಟ್ಯಾಂಕ್ ಅರ್ಧ ಇದೆ, ಒಟ್ಟು ತೂಕ ಅಷ್ಟೇ ಅಂತ ಇಟ್ಟುಕೊಂಡೆವು. ಕೆಜಿ 6.90. ತೋಳುಗಳು 0.02, 0.12, 0.22. ವಿಸ್ತೀರ್ಣ 0.042. ಜಿಎಂ 0.10. ಎರಡರಲ್ಲೂ ಫೇಲು.

“ಟ್ಯಾಂಕರ್ ಒಳಗೆ ತಗಡು ಹಾಕಿರ್ತಾರಲ್ಲ ಮಾವ, ಹಾಗೆ ಮಾಡಿದ್ರೆ?” ಒಳ್ಳೆ ಪ್ರಶ್ನೆ. ಆದರೆ ರಸ್ತೆ ಟ್ಯಾಂಕರ್‌ನಲ್ಲಿ ತಗಡು ಅಡ್ಡಕ್ಕೆ ಇರುತ್ತದೆ, ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ನುಗ್ಗದಿರಲಿ ಅಂತ. ಹಡಗಿಗೆ ಬೇಕಾದ್ದು ಉದ್ದಕ್ಕೆ, ನಡುವೆ ಒಂದು ಗೋಡೆ. ಅಗಲ 8ರ ಬದಲು ನಾಲ್ಕು ನಾಲ್ಕು ಆದರೆ 512 ಹೋಗಿ 128, ಕಾಲು ಭಾಗ. ಕೆಜಿ 6.83ರ ಹತ್ತಿರ ಬರುತ್ತದೆ. ಜಿಎಂ ಪಾಸಾಗುತ್ತದೆ, ವಿಸ್ತೀರ್ಣ ಇನ್ನೂ ಕೂದಲೆಳೆಯಲ್ಲಿ ಫೇಲು.

ಕೊನೆಗೆ ಹುಡುಗನೇ ದಾರಿ ಹುಡುಕಿದ. ಡೆಕ್‌ನಿಂದ ಹೋಲ್ಡ್‌ಗೆ 5 ಮೀಟರ್ ಇಳಿಸಿದ ಪ್ರತಿ 100 ಟನ್‌ಗೂ ಕೆಜಿ 0.10 ಇಳಿಯುತ್ತದೆ. ಟ್ಯಾಂಕಿಗೆ ಗೋಡೆ ಇಲ್ಲದಿದ್ದರೂ 200 ಟನ್ ಕೆಳಗಿಟ್ಟರೆ 6.70. ವಿಸ್ತೀರ್ಣ 0.069, ಜಿಎಂ 0.30. ಬರೆದು ಅಡಿಗೆರೆ ಎಳೆದ. ಅಷ್ಟು ಹೊತ್ತಿಗೆ ಮೀಟರ್‌ನ ಅಂಕಿಯೂ ನಿಂತಿತ್ತು. ನಾನು ಟ್ಯಾಂಕರ್‌ನವನಿಗೆ ಚೀಟಿ ಹರಿದು ಕೊಟ್ಟೆ.